ಅಕ್ಷರವೋ ಮಿಲಿಮೀಟರೋ: ಟೈಫಾಯಿಡ್ ರೋಗಾಣುವಿನ ಔಷಧ ನಿರೋಧಕತೆಯ ಲೆಕ್ಕ

ಟೈಫಾಯಿಡ್ ರೋಗಿಯ ರಕ್ತದಿಂದ ಬೆಳೆಸಿದ ಸಾಲ್ಮೊನೆಲ್ಲಾ ಟೈಫಿಯನ್ನು ಮ್ಯುಲರ್-ಹಿಂಟನ್ ಅಗರ್ ತಟ್ಟೆಯ ಮೇಲೆ ತೆಳುವಾಗಿ ಸವರಿ, 5 ಮೈಕ್ರೊಗ್ರಾಂ ಸಿಪ್ರೊಫ್ಲಾಕ್ಸಸಿನ್ ಹೀರಿಸಿದ ಕಾಗದದ ಬಿಲ್ಲೆಯನ್ನು ಅದರ ಮೇಲಿಟ್ಟು, 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಬಿಡುತ್ತಾರೆ. ಬೆಳಿಗ್ಗೆ ತೆಗೆದು ನೋಡಿದರೆ ತಟ್ಟೆಗೆಲ್ಲ ಮಂಜು ಕವಿದಂತೆ ಬೆಳವಣಿಗೆ. ಬಿಲ್ಲೆಯ ಸುತ್ತ ಮಾತ್ರ ತಿಳಿಯಾದೊಂದು ವೃತ್ತ. ಅದರ ವ್ಯಾಸ 25 ಮಿ.ಮೀ. ಬಂತೆನ್ನೋಣ. 2011ರಲ್ಲಿ ಈ ಅಳತೆಗೆ ಪ್ರಯೋಗಾಲಯದ ವರದಿಯಲ್ಲಿ ‘ಎಸ್’ ಎಂಬ ಅಕ್ಷರ ಬೀಳುತ್ತಿತ್ತು, ಅಂದರೆ ರೋಗಾಣು ಔಷಧಕ್ಕೆ ಮಣಿಯುತ್ತದೆ. 2012ರಿಂದಾಚೆಗೆ ಅದೇ ಅಳತೆಗೆ ‘ಐ’, ನಡುವಿನದು. ಬದಲಾದದ್ದು ರೋಗಾಣುವಲ್ಲ. ನಮ್ಮ ಪ್ರಯೋಗಾಲಯಗಳೂ ಬಹುಮಟ್ಟಿಗೆ ಅನುಸರಿಸುವ ಅಮೆರಿಕದ ಮಾನಕ ಸಂಸ್ಥೆ ಸಿಎಲ್‌ಎಸ್‌ಐ, ‘ಎಸ್’ ಎನ್ನಲು ಬೇಕಾದ ಕನಿಷ್ಠ ವ್ಯಾಸವನ್ನು 21ರಿಂದ 31 ಮಿ.ಮೀ.ಗೆ ಏರಿಸಿತ್ತು.

ನಿರೋಧಕತೆಯ ಸರ್ವೇಕ್ಷಣೆಯ ವರದಿಗಳನ್ನು ಓದುವಾಗ ಈ 10 ಮಿ.ಮೀ. ನೆನಪಿನಲ್ಲಿರಬೇಕು. ಶೇಕಡಾ ಇಷ್ಟು ಎಂಬ ಅಂಕಿಯಲ್ಲಿ ರೋಗಾಣುವಿನ ಗುಣವಷ್ಟೇ ಇರುವುದಿಲ್ಲ. ಗೆರೆ ಎಳೆದವರ ತೀರ್ಮಾನವೂ, ಯಾರ ರಕ್ತ ಪರೀಕ್ಷೆಗೆ ಬಂತು ಎಂಬುದೂ ಅದರಲ್ಲಿ ಬೆರೆತಿರುತ್ತದೆ. ಅಕ್ಷರವನ್ನಷ್ಟೇ ಉಳಿಸಿಕೊಂಡು ಮಿಲಿಮೀಟರನ್ನು ಬಿಟ್ಟುಬಿಟ್ಟರೆ ಇವನ್ನು ಮತ್ತೆ ಬಿಡಿಸಿ ನೋಡಲು ದಾರಿಯಿಲ್ಲ ಎಂಬುದು ಈ ಲೇಖನದ ವಾದ.

ಟೈಫಾಯಿಡ್‌ಗೆ ಮದ್ದೆಂದು ಕ್ಲೋರಾಂಫೆನಿಕಾಲನ್ನು 1948ರಲ್ಲಿ ಥಿಯೊಡೋರ್ ವುಡ್‌ವರ್ಡ್ ಮತ್ತು ಸಂಗಡಿಗರು ಮಲಯಾದಲ್ಲಿ ಪ್ರಯೋಗಿಸಿದರು. ಇಪ್ಪತ್ತೈದು ವರ್ಷ ತುಂಬುವುದರೊಳಗೆ, 1972ರಲ್ಲಿ, ಅದಕ್ಕೆ ಜಗ್ಗದ ಟೈಫಿ ಮೆಕ್ಸಿಕೊದಲ್ಲಿ ಸಾವಿರಾರು ಜನರನ್ನು ಕಾಡಿತು. ಅದೇ ವರ್ಷ ನಮ್ಮ ನೆರೆಯ ಕೋಳಿಕ್ಕೋಡ್‌ನಿಂದ ಪಣಿಕ್ಕರ್ ಮತ್ತು ವಿಮಲಾ ಅವರ ವರದಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಈ ನಿರೋಧಕತೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲುದು ಎಂಬುದು ಅದರ ತಿರುಳು. 1980ರ ದಶಕದ ಕೊನೆಗೆ ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್‌ಗಳೂ ಕೈಕೊಟ್ಟವು. ವೈದ್ಯರು ಸಿಪ್ರೊಫ್ಲಾಕ್ಸಸಿನ್ ಹಿಡಿದರು.

ಇಲ್ಲಿಂದ ಕತೆಯ ಚಾಲೇ ಬೇರೆ. ಕ್ಲೋರಾಂಫೆನಿಕಾಲ್ ನಿರೋಧಕತೆ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೇಲೇರಿ ಒಮ್ಮೆಗೇ ಬರುತ್ತದೆ. ನಿನ್ನೆ ಅಗಲವಾಗಿದ್ದ ವೃತ್ತ ಇಂದು ಇಲ್ಲವೇ ಇಲ್ಲ. ಸಿಪ್ರೊಫ್ಲಾಕ್ಸಸಿನ್ ವಿಷಯದಲ್ಲಿ ರೋಗಾಣು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ಮೆಟ್ಟಿಲು ಸಾಮಾನ್ಯವಾಗಿ ಗೈರ್-ಎ ಜೀನಿನ 83ನೆಯ ಸ್ಥಾನದ ಒಂದೇ ಒಂದು ಬದಲಾವಣೆ. ಅಷ್ಟರಿಂದ ವೃತ್ತ ಕೊಂಚ ಕುಗ್ಗುತ್ತದೆ, ಆದರೆ ಹಳೆಯ 21ರ ಗೆರೆಗಿಂತ ಮೇಲೇ ಉಳಿಯುತ್ತದೆ. ಹೀಗಾಗಿ 1990ರ ದಶಕದಲ್ಲಿ ಕಾಗದದ ಮೇಲೆ ‘ಎಸ್’, ಹಾಸಿಗೆಯ ಮೇಲೆ ವಾರ ಕಳೆದರೂ ಇಳಿಯದ ಜ್ವರ. ವೈದ್ಯರು ರೋಗಿ ಮಾತ್ರೆ ಸರಿಯಾಗಿ ನುಂಗಲಿಲ್ಲವೇನೋ ಎಂದು ಶಂಕಿಸಿದ್ದರೂ ಆಶ್ಚರ್ಯವಿಲ್ಲ.

ಗುಟ್ಟು ಬಿಟ್ಟುಕೊಟ್ಟದ್ದು ಟೈಫಾಯಿಡ್‌ಗೆ ಯಾರೂ ಕೊಡದ ಹಳೆಯ ಔಷಧ, ನ್ಯಾಲಿಡಿಕ್ಸಿಕ್ ಆಮ್ಲ. ಇದು ಸಿಪ್ರೊಫ್ಲಾಕ್ಸಸಿನ್‌ನ ದುರ್ಬಲ ಪೂರ್ವಜ. ಗೈರ್-ಎ ಒಮ್ಮೆ ಬದಲಾದರೆ ಸಾಕು, ಇದರ ಬಿಲ್ಲೆಯ ಸುತ್ತಲಿನ ವೃತ್ತ ಪೂರ್ತಿ ಮುಚ್ಚಿಹೋಗುತ್ತದೆ. ಚಿಕಿತ್ಸೆಗೆ ಬೇಡವಾದದ್ದು ಸಾಕ್ಷಿ ಹೇಳಲು ಬೇಕಾಯಿತು. ಆದರೆ ಈ ಔಷಧಗಳ ಗುಂಪಾದ ಕ್ವಿನೊಲೋನ್‌ಗಳಿಗೆ ಪ್ಲಾಸ್ಮಿಡ್ ಮೂಲಕ ಬರುವ ನಿರೋಧಕತೆಯ ಮುಂದೆ ಈ ಸಾಕ್ಷಿಯೂ ತಡವರಿಸಿದ್ದರಿಂದ ಪೆಫ್ಲಾಕ್ಸಸಿನ್ ಬಿಲ್ಲೆ ಬಳಕೆಗೆ ಬಂತು.

ಈಗ ಹಳೆಯ ದಾಖಲೆಗಳ ಮುಂದೆ ಕುಳಿತ ಸಂಶೋಧಕರ ಪಾಡು ನೋಡಿ. ‘2012ರ ನಂತರ ಸಂವೇದನೆ ದಿಢೀರನೆ ಕುಸಿಯಿತು’ ಎಂದು ನಕ್ಷೆ ತೋರಿಸಿದರೆ, ಆ ಕುಸಿತದಲ್ಲಿ ಎಷ್ಟು ಪಾಲು ರೋಗಾಣುವಿನದು, ಎಷ್ಟು ಗೆರೆಯದು? ರಿಜಿಸ್ಟರಿನಲ್ಲಿ 25, 27, 23 ಎಂದು ಬರೆದಿಟ್ಟಿದ್ದರೆ ಹೊಸ ಗೆರೆಯನ್ನು ಹಳೆಯ ವರ್ಷಗಳ ಮೇಲೂ ಎಳೆದು ಒಂದೇ ಮಧ್ಯಾಹ್ನದಲ್ಲಿ ಉತ್ತರ ಪಡೆಯಬಹುದು. ಬರೀ ‘ಎಸ್’ ಎಂದಿದ್ದರೆ ಆ ವರ್ಷಗಳು ಕಳೆದುಹೋದಂತೆಯೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಲ್ಲಿ ನಿರೋಧಕತೆಯ ಸರ್ವೇಕ್ಷಣಾ ಜಾಲ ಹೂಡಿತು. ಅದರ ವರದಿಗಳಲ್ಲಿ ಟೈಫಿಯ ಪೈಕಿ ಬಹುಪಾಲು ಸಿಪ್ರೊಫ್ಲಾಕ್ಸಸಿನ್‌ಗೆ ಜಗ್ಗುವುದಿಲ್ಲ. ಕೈಬಿಟ್ಟಿದ್ದ ಕ್ಲೋರಾಂಫೆನಿಕಾಲ್, ಕೋಟ್ರೈಮಾಕ್ಸಜೋಲ್‌ಗಳಿಗೆ ಮಾತ್ರ ಹೆಚ್ಚಿನವು ಮತ್ತೆ ಮಣಿಯುತ್ತಿವೆ. ಕುತೂಹಲದ ಸುದ್ದಿಯೇ. ಆದರೆ ಇದು ಮುಖ್ಯವಾಗಿ ದೊಡ್ಡ ಆಸ್ಪತ್ರೆಗಳಿಗೆ ಬಂದವರ ಲೆಕ್ಕ. ತಾಲ್ಲೂಕು ಊರಿನಲ್ಲಿ ಜ್ವರ ಬಂದವರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಆಮೇಲೆ ಕ್ಲಿನಿಕ್ಕು, ಅಲ್ಲಿ ವಿಡಾಲ್ ಪರೀಕ್ಷೆ. ವಿಡಾಲ್ ಹುಡುಕುವುದು ರಕ್ತದಲ್ಲಿನ ಪ್ರತಿಕಾಯಗಳನ್ನು. ಅದರಿಂದ ರೋಗಾಣು ಕೈಗೆ ಸಿಗುವುದಿಲ್ಲ, ಆದ್ದರಿಂದ ಬಿಲ್ಲೆ ಇಡುವ ಮಾತೇ ಇಲ್ಲ. ಬ್ಲಡ್ ಕಲ್ಚರ್ ಮಾಡಿದರೂ ಹತ್ತು ರೋಗಿಗಳಲ್ಲಿ ಆರು ಮಂದಿಯಲ್ಲಿ ರೋಗಾಣು ಬೆಳೆದರೆ ಹೆಚ್ಚು. ಮೊದಲೇ ಮಾತ್ರೆ ನುಂಗಿದ್ದರೆ ಇನ್ನೂ ಕಡಿಮೆ. ಮೊದಲ ಔಷಧಕ್ಕೇ ಗುಣವಾದವರು ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ನಿರೋಧಕತೆಯ ಪ್ರಮಾಣ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣಲು ಇದೊಂದೇ ಕಾರಣ ಸಾಕು.

ಹಾಗೆಂದು ಅಕ್ಷರ ಎಲ್ಲೆಲ್ಲೂ ಸಾಲದು ಎನ್ನಲಾಗದು. 2016ರ ಕೊನೆಗೆ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಔಷಧಕ್ಕೂ ಜಗ್ಗದ ಟೈಫಿ ಕಾಣಿಸಿಕೊಂಡಿತು. ಜೀನೋಮ್ ಓದಿದಾಗ ಹೊಸ ಪ್ಲಾಸ್ಮಿಡ್ಡೊಂದು ಒಳಸೇರಿದ್ದು ತಿಳಿಯಿತು. ಇಂಥ ಜಿಗಿತವನ್ನು ‘ಆರ್’ (ಔಷಧಕ್ಕೆ ಜಗ್ಗದು) ಎಂಬ ಒಂದೇ ಅಕ್ಷರ ಸಾರಿ ಹೇಳುತ್ತದೆ. 2019ರಲ್ಲಿ ಪಾಕಿಸ್ತಾನ ತನ್ನ ಮಕ್ಕಳ ಲಸಿಕಾ ಕಾರ್ಯಕ್ರಮಕ್ಕೆ ಟೈಫಾಯಿಡ್ ಸಂಯುಕ್ತ ಲಸಿಕೆ ಸೇರಿಸಿತು. ಆ ಲಸಿಕೆ ತಯಾರಾದದ್ದು ನಮ್ಮ ತೆಲಂಗಾಣದ ಹೈದರಾಬಾದಿನಲ್ಲಿ.

ಇವತ್ತು ಅಳತೆಯ ಪ್ರಶ್ನೆ ಬಿಗಿಯಾಗಿರುವುದು ಅಜಿತ್ರೊಮೈಸಿನ್‌ನಲ್ಲಿ. ಬಾಯಿಂದ ಕೊಡಬಹುದಾದ, ಇನ್ನೂ ಕೆಲಸ ಮಾಡುವ ಕೆಲವೇ ಔಷಧಗಳಲ್ಲಿ ಇದೊಂದು. ಇಲ್ಲಿ ನಿರೋಧಕತೆ ಎಸಿಆರ್-ಬಿ ಜೀನಿನ 717ನೆಯ ಸ್ಥಾನದ ಬದಲಾವಣೆಯಿಂದಲೂ ಬರುತ್ತದೆ; ಬಾಂಗ್ಲಾದೇಶದ ಸಂಶೋಧಕರು ಇದನ್ನು ಗುರುತಿಸಿದರು. 13 ಮಿ.ಮೀ. ಇದ್ದರೆ ‘ಎಸ್’, 12 ಇದ್ದರೆ ‘ಆರ್’. ನಡುವೆ ಏನೂ ಇಲ್ಲ. ತೊಂದರೆಯೆಂದರೆ ಈ ಔಷಧದ ವೃತ್ತಕ್ಕೆ ಸ್ಪಷ್ಟವಾದ ಅಂಚಿರುವುದಿಲ್ಲ. ಬೆಳವಣಿಗೆ ತೆಳ್ಳಗಾಗುತ್ತ, ಮಸುಕಾಗುತ್ತ ಬಯಲಿಗೆ ಸೇರುತ್ತದೆ. ಒಬ್ಬರು ಮಸುಕನ್ನು ಹೊರಗಿಟ್ಟು ಅಳೆದರೆ 12, ಇನ್ನೊಬ್ಬರು ಒಳಗೆ ಸೇರಿಸಿಕೊಂಡರೆ 14. ಆದ್ದರಿಂದ ಗಡಿಯಲ್ಲಿ ಬಿದ್ದ ತಟ್ಟೆಗಳ ಮಟ್ಟಿಗಾದರೂ ಇಬ್ಬರ ಓದುಗಳನ್ನೂ ಬೇರೆಬೇರೆಯಾಗಿ, ಮಿಲಿಮೀಟರಿನಲ್ಲೇ ಬರೆದಿಡುವುದು, ಆ ರೋಗಾಣುವನ್ನು ಫ್ರೀಜರಿನಲ್ಲಿ ಕಾಪಿಡುವುದು, ಅದೇ ದಿನ ಪರೀಕ್ಷಿಸಿದ ಮಾನಕ ತಳಿಯ ಅಳತೆಯನ್ನೂ ಪಕ್ಕದ ಅಂಕಣದಲ್ಲಿ ನಮೂದಿಸುವುದು ಅಗತ್ಯ. ಗೆರೆ ಮುಂದೆ 13ರಿಂದ ಸರಿದರೆ ಮೊದಲು ಬಿಚ್ಚಿ ನೋಡಬೇಕಾದದ್ದು ಈ ಪುಟಗಳನ್ನೇ.