ಅಣೆಕಟ್ಟೆಯ ನೀರು ಮತ್ತು ರೀವ ಹಕ್ಕಿಯ ಗೂಡು



ಸಮುದ್ರ ಕಾಣಬೇಕಾದರೆ ಘಟ್ಟ ಇಳಿಯಬೇಕಾದ ಕೈಲಾಂಚದ ಕಡೆಯವನು ಕಡಲಕ್ಕಿಗಳ ವಿಚಾರ ಬರೆಯಹೊರಟರೆ ನಿಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸೀತು. ಆದರೆ ಕಡಲಕ್ಕಿಯ ಹತ್ತಿರದ ನೆಂಟನೊಬ್ಬ ನಮ್ಮ ಒಳನಾಡಿನ ನೀರಿನಲ್ಲಿಯೇ ಸಂಸಾರ ಹೂಡಿದ್ದಾನೆ. ಅವನೇ ರೀವ. ಇಂಗ್ಲಿಷಿನಲ್ಲಿ ರಿವರ್ ಟರ್ನ್ ಎನ್ನುತ್ತಾರೆ.

ಇವೆರಡರ ವ್ಯತ್ಯಾಸವನ್ನು ಮೊದಲು ತಿಳಿಯೋಣ. ಕಡಲಕ್ಕಿಯದು ದಪ್ಪ ಮೈ, ಅಗಲ ರೆಕ್ಕೆ. ಅದು ನೀರಿನ ಮೇಲೆ ಆರಾಮವಾಗಿ ತೇಲುತ್ತದೆ. ಕಾರವಾರ, ಮಲ್ಪೆಗಳ ದಡದಲ್ಲಿ ಚಳಿಗಾಲದಲ್ಲಿ ಕಾಣುವ ಕಂದು ತಲೆಯ ಕಡಲಕ್ಕಿಗಳು ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಇಲ್ಲಿಗೆ ಬರುವ ಅತಿಥಿಗಳು. ರೀವ ಹಾಗಲ್ಲ. ಸಪೂರ ದೇಹ, ಕವಲೊಡೆದ ಬಾಲ, ಹಳದಿ ಕೊಕ್ಕು, ಕೆಂಪು ಕಾಲು, ಗೂಡು ಕಟ್ಟುವ ಕಾಲದಲ್ಲಿ ತಲೆಯ ಮೇಲೆ ಕಪ್ಪು ಟೊಪ್ಪಿಗೆ. ನೀರಿನ ಮೇಲೆ ಹಾರುತ್ತಾ ತಲೆ ಬಗ್ಗಿಸಿ ನೋಡಿ, ಮೀನು ಕಂಡೊಡನೆ ಕಲ್ಲು ಬಿದ್ದಂತೆ ಧುಮುಕುತ್ತದೆ. ಇದು ಇಲ್ಲಿಯೇ ಹುಟ್ಟಿ ಇಲ್ಲಿಯೇ ಬಾಳುವ ಹಕ್ಕಿ.

ಗೂಡು ಎಂದೆನಾದರೂ ಅದಕ್ಕೆ ಕಡ್ಡಿಯೂ ಬೇಡ, ಮರವೂ ಬೇಡ. ಬೇಸಿಗೆಯಲ್ಲಿ ಹೊಳೆ ಇಳಿದಾಗ ತಲೆಯೆತ್ತುವ ಮರಳದಿಣ್ಣೆಯಲ್ಲಿಯೋ ಬಂಡೆಯ ಮೇಲೆಯೋ ಒಂದು ಸಣ್ಣ ಗುಳಿ ಸಾಕು. ಸುತ್ತಲೂ ನೀರಿದ್ದರೆ ನಾಯಿ, ನರಿಗಳ ಭಯವಿಲ್ಲ. ಆದ್ದರಿಂದ ಈ ಹಕ್ಕಿಯ ಚರಿತ್ರೆಯೆಂದರೆ ನೀರಿನ ಮಟ್ಟದ ಚರಿತ್ರೆ. ನಮ್ಮ ನಾಡಿನಲ್ಲಿ ನೀರಿನ ಮಟ್ಟವನ್ನು ಶತಮಾನಗಳಿಂದ ನಿರ್ಧರಿಸುತ್ತಾ ಬಂದವನು ಮನುಷ್ಯ.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನೇ ನೋಡಿ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯಿಂದ ಅಲ್ಲಿನ ನಡುಗಡ್ಡೆಗಳು ರೂಪುಗೊಂಡವು. ರೈತರ ಗದ್ದೆಗಾಗಿ ಕಟ್ಟಿದ ಕಟ್ಟೆ ಹಕ್ಕಿಗಳಿಗೆ ಊರಾಯಿತು. ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಗೆ ಬಂದಿದ್ದ ಸಲೀಂ ಅಲಿಯವರು ಅದರ ಮಹತ್ವವನ್ನು ಮನಗಂಡು ಅರಸರಿಗೆ ತಿಳಿಸಿದ ಫಲವಾಗಿ 1940ರಲ್ಲಿ ಅದು ಪಕ್ಷಿಧಾಮವಾಯಿತು; 2022ರಲ್ಲಿ ರಾಮ್ಸಾರ್ ತಾಣವೆಂಬ ಮನ್ನಣೆಯನ್ನೂ ಪಡೆಯಿತು. ಅಲ್ಲಿನ ಬಂಡೆಗಳ ಮೇಲೆ ಕೊಕ್ಕರೆಗಳ ಗದ್ದಲದ ನಡುವೆ ರೀವಗಳೂ ಮೊಟ್ಟೆಯಿಡುತ್ತವೆ.

ಇದಕ್ಕಿಂತ ದೊಡ್ಡ ನಿದರ್ಶನ ಭದ್ರಾ. ಲಕ್ಕವಳ್ಳಿಯಲ್ಲಿ 1965ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ಹಿನ್ನೀರಿನಲ್ಲಿ ಗುಡ್ಡಗಳು ಮುಳುಗಿ ಅವುಗಳ ನೆತ್ತಿ ಮಾತ್ರ ಉಳಿಯಿತು. ಅಚ್ಚುಕಟ್ಟಿಗೆ ನೀರು ಹರಿದು ಜಲಾಶಯ ಇಳಿದಂತೆ ಆ ನೆತ್ತಿಗಳು ನಡುಗಡ್ಡೆಗಳಾಗಿ ಮೇಲೇಳುತ್ತವೆ. ಬೇಸಿಗೆಯಲ್ಲಿ ಸಾವಿರಾರು ರೀವಗಳು ಅಲ್ಲಿ ನೆರೆದು ಮರಿ ಮಾಡುತ್ತವೆ. ಅಲ್ಲಿನ ಸರ್ಕಾರಿ ವಿಹಾರಧಾಮಕ್ಕೂ ಈ ಹಕ್ಕಿಯದೇ ಹೆಸರು.

ನಮ್ಮ ಜಿಲ್ಲೆಯೂ ಇದೇ ಕಥೆಯ ಒಂದು ಪುಟ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಬೆಂಗಳೂರಿನ ಬಾಯಾರಿಕೆಗೆಂದು ತಡೆ ಬಿತ್ತು. ಆಮೇಲೆ ಮಂಚನಬೆಲೆ, ಹಾರೋಬೆಲೆಗಳು ಬಂದವು. ಚನ್ನಪಟ್ಟಣದ ಕಣ್ವ ಜಲಾಶಯ 1946ರದು. ಹೊಳೆ ಸೊರಗಿತು, ಹಿನ್ನೀರು ಹರಡಿತು. ಈ ಹಿನ್ನೀರುಗಳ ಮೇಲೆ ಒಂದೋ ಎರಡೋ ರೀವಗಳು ಸುತ್ತುವುದನ್ನು ನಾನು ಎಷ್ಟೋ ಸಂಜೆ ನಿಂತು ನೋಡಿದ್ದೇನೆ.

ಹಾಗಾದರೆ ಅಣೆಕಟ್ಟೆ ಹಕ್ಕಿಗೆ ವರವೇ? ಪೂರ್ತಿ ಅಲ್ಲ. ಮರಳು ಲಾರಿ ಹತ್ತಿ ಹೋದ ಹೊಳೆಗಳಲ್ಲಿ ದಿಣ್ಣೆಗಳೇ ಉಳಿದಿಲ್ಲ. ಹಿನ್ನೀರು ಅದಕ್ಕೆ ಬದಲಿ ಮನೆ, ಆದರೆ ಬೀಗದ ಕೈ ಬೇರೆಯವರ ಬಳಿ ಇರುವ ಮನೆ. ಮೊಟ್ಟೆಯಿಟ್ಟ ಮೇಲೆ ನೀರು ಏರಿದರೆ ಗೂಡು ಮುಳುಗುತ್ತದೆ. ತೀರ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಂಡು ನಾಯಿಗಳಿಗೆ ದಾರಿಯಾಗುತ್ತದೆ. ದೂರದ ಮೆಕಾಂಗ್ ನದಿಯಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಈ ಹಕ್ಕಿ ಈಗ ಅಲ್ಲಿ ಬೆರಳೆಣಿಕೆಗೆ ಇಳಿದಿದೆ. 2020ರಲ್ಲಿ ಇದರ ಹೆಸರು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯವುಳ್ಳ ಜೀವಿಗಳ ಸಾಲಿಗೆ ಸೇರಿತು.

ನಮ್ಮ ಚರಿತ್ರೆಯ ಪಾಠಗಳಲ್ಲಿ ಅಣೆಕಟ್ಟೆಯ ವಿವರವೆಂದರೆ ಕಟ್ಟಿಸಿದವರ ಹೆಸರು, ವರ್ಷ, ಎತ್ತರ, ನೀರುಣ್ಣುವ ಎಕರೆಗಳು. ಆ ಕಟ್ಟೆಯಿಂದ ಯಾರಿಗೆ ಮನೆ ಸಿಕ್ಕಿತು, ಯಾರದು ಹೋಯಿತು ಎಂಬ ಲೆಕ್ಕ ಇರುವುದಿಲ್ಲ. ನೀರು ಬಿಡುವಾಗ ರೈತನ ಪೈರು ಮೊದಲು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾರ್ಚಿಯಿಂದ ಮೇವರೆಗೆ, ಮೊಟ್ಟೆಯೊಡೆದು ಮರಿ ರೆಕ್ಕೆ ಬಲಿಯುವಷ್ಟು ದಿನ, ಮಟ್ಟವನ್ನು ಹಠಾತ್ತನೆ ಏರುಪೇರು ಮಾಡದಿರುವುದು ಸಾಧ್ಯವಿರುವಲ್ಲೆಲ್ಲ ಮಾಡಬಹುದಾದ ಕೆಲಸ. ನನ್ನ ಶಿಷ್ಯರಲ್ಲಿ ಕೆಲವರು ನೀರಾವರಿ ಇಲಾಖೆಯಲ್ಲಿದ್ದೀರಿ. ತೂಬಿನ ಚಕ್ರ ತಿರುಗಿಸಲು ಆದೇಶ ಬರೆಯುವ ಮುನ್ನ, ಕೆಳಗಿನ ಬಂಡೆಯ ಮೇಲೆ ಯಾರು ಕುಳಿತಿದ್ದಾರೆಂದು ಒಮ್ಮೆ ವಿಚಾರಿಸಿರಿ. ಮಿಕ್ಕವರು ಈ ಬೇಸಿಗೆಯಲ್ಲಿ ಮಕ್ಕಳನ್ನು ಕಣ್ವಕ್ಕೋ ರಂಗನತಿಟ್ಟಿಗೋ ಕರೆದೊಯ್ದು ರೀವವನ್ನು ತೋರಿಸಿರಿ. ಕಂಡದ್ದನ್ನು ನನಗೂ ಬರೆದು ತಿಳಿಸಿರಿ.