ಪದ ಪರಿಚಯ: ಗುರುತು

‘ನನ್ನ ಗುರುತು ಸಿಕ್ತಾ?’ ಎಂದು ಮದುವೆಮನೆಯಲ್ಲಿ ಕೇಳುವ ಈ ಮಾತು ಈಗ ಕ್ಯಾನ್ಸರ್ ವಾರ್ಡಿಗೂ ಬಂದಿದೆ. ವೈದ್ಯರು ‘ಮಾರ್ಕರ್’ ಎನ್ನುತ್ತಾರೆ, ಪಠ್ಯಪುಸ್ತಕ ‘ಜೈವಿಕ ಸೂಚಕ’ ಎನ್ನುತ್ತದೆ. ನನಗೆ ಗುರುತು ಸಾಕು.

ಹಳಗನ್ನಡದಲ್ಲಿ ಇದು ಶಕಟರೇಫದ (ಱ) ಪದ. ಗುಱುತು, ಕುಱುಹು, ಗುಱಿ ಎಲ್ಲವೂ ಒಂದೇ ಬೇರಿನವು. ‘ಇದನ್ನು ಕುರಿತು’ ಎನ್ನುವಾಗಿನ ಕುರಿತು ಕೂಡ. ತಮಿಳಿನ ‘ಕುಱಿ’ಗೆ ಇಂದಿಗೂ ಚಿಹ್ನೆ, ಗುರಿ ಎರಡೂ ಅರ್ಥಗಳಿವೆ. ಬಾಣ ಬಿಡುವವನಿಗೆ ಮೊದಲು ಗುರುತು ಬೇಕಲ್ಲ, ಆಮೇಲಲ್ಲವೇ ಗುರಿ!

ಸ್ತನ ಕ್ಯಾನ್ಸರಿನ ‘ಹರ್-2’ ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ. ಹದಿನೇಳನೆಯ ವರ್ಣತಂತುವಿನಲ್ಲಿರುವ ಈ ಜೀನಿನ ಎರಡೇ ಪ್ರತಿಗಳು ಆರೋಗ್ಯವಂತ ಜೀವಕೋಶದಲ್ಲಿ ಇರುತ್ತವೆ. ಸುಮಾರು ಐದರಲ್ಲೊಂದು ಸ್ತನ ಗಡ್ಡೆಯಲ್ಲಿ ಪ್ರತಿಗಳು ವಿಪರೀತ ಹೆಚ್ಚಿ, ಕೋಶದ ಮೇಲ್ಮೈಯಲ್ಲಿ ಅದರ ಪ್ರೋಟೀನು ಕಿಕ್ಕಿರಿಯುತ್ತದೆ. ಇಂಥ ಗಡ್ಡೆ ಬೇಗ ಮರುಕಳಿಸುತ್ತದೆಂದು ಸಂಶೋಧಕ ಡೆನಿಸ್ ಸ್ಲಾಮನ್ ಅವರ ತಂಡ 1987ರಲ್ಲಿ ತೋರಿಸಿತು. ಆಗ ಅದು ಬರೀ ಕೆಟ್ಟ ಕುರುಹು. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಜುಮ್ಯಾಬ್‌ಗೆ ಒಪ್ಪಿಗೆ ಸಿಕ್ಕಿತು. ಅದು ಅದೇ ಪ್ರೋಟೀನಿಗೇ ಹೋಗಿ ಅಂಟಿಕೊಳ್ಳುವ ಔಷಧ. ಗುರುತೇ ಗುರಿಯಾಯಿತು.

ಗಡ್ಡೆಯಲ್ಲಿ ಆ ಪ್ರೋಟೀನು ಎಷ್ಟಿದೆ ಎಂದು ಹೇಳುವ ರಿಪೋರ್ಟಿನಲ್ಲಿ 3+ ಎಂದಿದ್ದರೆ ಹರ್-2 ಪಾಸಿಟಿವ್. 0 ಅಥವಾ 1+ ಇದ್ದರೆ ನೆಗೆಟಿವ್. 2+ ಬಂದರೆ ಅನುಮಾನ, ಜೀನಿನ ಪ್ರತಿಗಳನ್ನೇ ಎಣಿಸುವ ‘ಫಿಶ್’ ಪರೀಕ್ಷೆಗೆ ಕಳಿಸುತ್ತಾರೆ. ಮೀನಿಗೂ ಅದಕ್ಕೂ ಸಂಬಂಧವಿಲ್ಲ. ‘ಪಾಸಿಟಿವ್’ ಎಂದೊಡನೆ ಮನೆಯವರು ಗಾಬರಿಯಾಗುವುದುಂಟು. ಇಲ್ಲಿ ಆ ಮಾತಿಗೆ, ಗುರಿಯಿಡಲು ಗುರುತು ಸಿಕ್ಕಿದೆ ಎಂಬ ಅರ್ಥವೂ ಇದೆ.