ಬ್ರೇಕ್ ಆಯಿಲ್: ಒಂದು ಹಳೆಯ ಹೆಸರಿನ ಕಥೆ

ಕಳೆದ ಮಳೆಗಾಲದಲ್ಲಿ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವಾಗ ನಮ್ಮ ಹಳೆಯ ಕಾರಿನಲ್ಲಿ ಸ್ಟೀರಿಂಗ್ ಹಿಂದಿನ ಕೆಂಪು ದೀಪ ಹತ್ತಿಕೊಂಡಿತು. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿಯೇ ಇತ್ತು. ದಾರಿಬದಿಯ ಗ್ಯಾರೇಜಿನ ಹುಡುಗ ಬಾನೆಟ್ ಎತ್ತಿ ನೋಡಿ, "ಬ್ರೇಕ್ ಆಯಿಲ್ ಕಮ್ಮಿ ಆಗಿದೆ ಅಣ್ಣ, ಅಷ್ಟೇ" ಎಂದು ಡಬ್ಬಿ ತುಂಬಿಸಿದ. ದೀಪ ಆರಿತು, ನಾವೂ ಮರೆತೆವು.

ಹದಿನೈದು ದಿನಕ್ಕೆ ಮತ್ತೆ ಅದೇ ದೀಪ. ಮರುದಿನ ಮಳೆ ವರದಿಗೆಂದು ಆಗುಂಬೆ ಘಾಟಿ ಇಳಿಯಬೇಕಿತ್ತು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆವು. ಅವರು ಡಬ್ಬಿ ಮುಟ್ಟಲೇ ಇಲ್ಲ. "ಆಯಿಲ್ ಹೋಗಿದ್ದೆಲ್ಲಿಗೆ ಸರ್? ಮೊದಲು ಅದು ಹೇಳಿ" ಅಂದರು. ಹಿಂದಿನ ಚಕ್ರ ಬಿಚ್ಚಿದರೆ ಡ್ರಮ್ಮಿನೊಳಗೆಲ್ಲ ಒದ್ದೆ. ವೀಲ್ ಸಿಲಿಂಡರಿನ ರಬ್ಬರ್ ಹೋಗಿತ್ತು. 14 ಕಡಿದಾದ ತಿರುವುಗಳ ಆ ಘಾಟಿಯಲ್ಲಿ ನಾವು ಆ ಸ್ಥಿತಿಯಲ್ಲೇ ಇಳಿಯುತ್ತಿದ್ದೆವು.

"ಆಯಿಲ್ ಅನ್ನೋ ಹೆಸರೇ ದಾರಿ ತಪ್ಪಿಸುತ್ತೆ. ಎಂಜಿನ್ ಆಯಿಲ್ ಥರ ಇದೂ ಖರ್ಚಾಗುತ್ತೆ ಅಂದ್ಕೋತಾರೆ" ಎಂದರು ಅವರು. ಆ ಮಾತಿನ ಜಾಡು ಹಿಡಿದು ಹೊರಟಾಗ ನಮಗೆ ಸಿಕ್ಕಿದ್ದು ನೂರು ವರ್ಷದ ಕಥೆ.

ಬೆಂಕಿಪುರವೆಂಬ ಹೆಸರಿದ್ದ ನಮ್ಮ ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದಲ್ಲಿ ಕಾರು ನಿಲ್ಲಿಸುವ ವಿಧಾನವೇ ಬದಲಾಗುತ್ತಿತ್ತು. ಅದುವರೆಗೆ ಬ್ರೇಕ್ ಎಂದರೆ ಸರಳು ಮತ್ತು ಕೇಬಲ್. ಒಂದು ಚಕ್ರಕ್ಕೆ ಬಿಗಿ, ಇನ್ನೊಂದಕ್ಕೆ ಸಡಿಲವಾದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಮುಚ್ಚಿದ ಕೊಳವೆಯಲ್ಲಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಇದು ಪ್ಯಾಸ್ಕಲ್ ಹೇಳಿದ ನಿಯಮ. ಮಾಲ್ಕಂ ಲಾಕ್‌ಹೀಡ್ ಎಂಬಾತ ಇದನ್ನೇ ಕಾರಿನ ಬ್ರೇಕಿಗೆ ತಂದ. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಇಂಥ ಬ್ರೇಕ್ ಇತ್ತು. 1924ರಲ್ಲಿ ಕ್ರೈಸ್ಲರ್ ಅದನ್ನು ಹೆಚ್ಚು ಜನರಿಗೆ ತಲುಪಿಸಿತು. ಫೋರ್ಡ್ ಒಪ್ಪಿಕೊಂಡದ್ದು 1939ರ ಮಾದರಿಗಳಲ್ಲಿ.

ಕೊಳವೆಯಲ್ಲಿ ಯಾವ ದ್ರವ ತುಂಬುವುದು? ನೀರು ಕುದಿಯುತ್ತದೆ, ತುಕ್ಕು ಹಿಡಿಸುತ್ತದೆ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಅಂದಿನ ನೈಸರ್ಗಿಕ ರಬ್ಬರಿನ ವಾಷರ್‌ಗಳು ಉಬ್ಬಿ ಹಾಳಾಗುತ್ತಿದ್ದವು. ಆಗ ಒದಗಿ ಬಂದದ್ದು ನಮ್ಮ ಮನೆಗಳಲ್ಲೂ ಇರುತ್ತಿದ್ದ ಹರಳೆಣ್ಣೆ. ಅದಕ್ಕೆ ಆಲ್ಕೋಹಾಲ್ ಬೆರೆಸಿ ತೆಳುವಾಗಿಸಿ ಬಳಸಿದರು. ಅಂದರೆ ಒಂದು ಕಾಲಕ್ಕೆ ಅದು ನಿಜಕ್ಕೂ ಎಣ್ಣೆಯೇ. ಮುಂದೆ ಗ್ಲೈಕಾಲ್ ಆಧಾರಿತ ದ್ರವಗಳು ಬಂದವು, ಎಣ್ಣೆ ಹೋಯಿತು. ಗ್ಯಾರೇಜುಗಳಲ್ಲಿ ಹೆಸರು ಮಾತ್ರ ಉಳಿಯಿತು. ಇಂದು ಆ ಹೆಸರು ನಂಬಿ ಡಬ್ಬಿಗೆ ಎಂಜಿನ್ ಆಯಿಲ್ ಸುರಿದರೆ ರಬ್ಬರುಗಳೆಲ್ಲ ಉಬ್ಬಿ ಬ್ರೇಕೇ ಕೆಡುತ್ತದೆ.

ಮಟ್ಟ ಇಳಿದರೆ ಏನರ್ಥ ಎಂಬುದೂ ಕಾಲದೊಂದಿಗೆ ಬದಲಾಗಿದೆ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರನ್ನೇ ನೋಡಿ. ಹಳೆಯ ಅಂಬಾಸಿಡರ್‌ಗಳ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ನಾಲ್ಕಕ್ಕೂ ಸೇರಿ ಒಂದೇ ಕೊಳವೆ ಜಾಲ. ಎಲ್ಲೇ ಲೀಕಾದರೂ ಪೂರ್ತಿ ಬ್ರೇಕ್ ಹೋದಂತೆ. ದ್ರವ ಇಳಿದಿದೆ ಎಂದರೆ ಬಹುಮಟ್ಟಿಗೆ ಸೋರಿಕೆ ಎಂದೇ ಲೆಕ್ಕ. 1983ರಲ್ಲಿ ಮಾರುತಿ 800 ಬಂದ ನಂತರದ ವರ್ಷಗಳಲ್ಲಿ ಸಣ್ಣ ಕಾರುಗಳ ಮುಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಸಾಮಾನ್ಯವಾಯಿತು. ಇಲ್ಲಿ ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಸರಿಯುತ್ತದೆ. ಅದರ ಹಿಂದಿನ ಜಾಗಕ್ಕೆ ದ್ರವ ಇಳಿಯುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನಿಧಾನವಾಗಿ ಇಳಿದರೆ ಪ್ಯಾಡ್ ಸವೆದಿರಬಹುದು. ದಿನಗಳಲ್ಲೇ ಇಳಿದರೆ ಲೀಕ್. ಈಗಿನ ಕಾರುಗಳಲ್ಲಿ ಜಾಲ ಎರಡು ಭಾಗವಾಗಿದೆ. ಒಂದು ಕೆಟ್ಟರೂ ಇನ್ನೊಂದು ಅರ್ಧ ಕೆಲಸ ಮಾಡುತ್ತದೆ. ನಾವು ಉಡಾಫೆ ಮಾಡುವುದೂ ಆ ಧೈರ್ಯದಿಂದಲೇ.

ಮಲೆನಾಡಿಗೆ ಇನ್ನೊಂದು ತೊಡಕಿದೆ. ಗ್ಲೈಕಾಲ್ ದ್ರವ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಇದು 230 ಮತ್ತು 155. ಘಾಟಿಯಲ್ಲಿ ಒಂದೇ ಸಮ ಬ್ರೇಕ್ ಒತ್ತುತ್ತಾ ಇಳಿದರೆ ಹಳೆಯ ದ್ರವ ಕುದಿದು ಆವಿಯಾಗುತ್ತದೆ, ಪೆಡಲ್ ಸ್ಪಂಜಿನಂತೆ ಒಳಗಿಳಿಯುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕು, ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಬೇಕು.

ಕೆಂಪು ದೀಪ ಹತ್ತಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಇಳಿದಿದೆಯೇ ನೋಡಿ. ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ದ್ರವ ಇದೆಯೇ ನೋಡಿ. ಚಕ್ರಗಳ ಒಳಬದಿ, ನೆಲ ಒದ್ದೆಯೇ ಪರೀಕ್ಷಿಸಿ. ಒದ್ದೆಯಿದ್ದರೆ, ಪೆಡಲ್ ಮೆತ್ತಗಿದ್ದರೆ ಓಡಿಸಬೇಡಿ, ಮೆಕ್ಯಾನಿಕನ್ನೇ ಕರೆಸಿ. ತುಂಬಿಸಲೇಬೇಕಾದರೆ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದ್ದನ್ನೇ, ಸೀಲ್ ಒಡೆಯದ ಬಾಟಲಿಯಿಂದ ಹಾಕಿ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ. ಓಡುವಾಗಲೇ ಬ್ರೇಕ್ ಹಿಡಿಯದಿದ್ದರೆ ಎಂಜಿನ್ ಆರಿಸಬೇಡಿ. ಪೆಡಲನ್ನು ಪಂಪ್ ಹೊಡೆಯಿರಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆಯಿರಿ.

ನಮ್ಮ ಕಾರಿನ ವೀಲ್ ಸಿಲಿಂಡರ್ ಬದಲಾಯಿತು, ಏರ್ ತೆಗೆದು ಹೊಸ ದ್ರವ ತುಂಬಿದ್ದಾಯಿತು. ಆಗುಂಬೆಗೆ ಒಂದು ದಿನ ತಡವಾಗಿ ಹೋದೆವು. ಈಗ ಯಾರಾದರೂ "ಸ್ವಲ್ಪ ಆಯಿಲ್ ಹಾಕ್ತೀನಿ" ಎಂದರೆ ನಾವೂ ಅದನ್ನೇ ಕೇಳುತ್ತೇವೆ: ಇದ್ದದ್ದು ಹೋಗಿದ್ದೆಲ್ಲಿಗೆ?